ದಂಡು, ಪೇಟೆ, ಸುಂಕ: ಮುಕ್ತ ವ್ಯಾಪಾರ ಬೇರೆ, ಒಂದೇ ಮಾರುಕಟ್ಟೆ ಬೇರೆ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟು ಅಂದರೆ ಎಲ್ಲರಿಗೂ ಅಂಗಡಿ ಬೀದಿ. ಸೀರೆ, ಬಳೆ, ಚಪ್ಪಲಿ, ಹೊಲಿದ ಬಟ್ಟೆ, ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿಲ್ಲದಷ್ಟು ಜನ. ಈ ಬೀದಿ ಒಂದು ಗಡಿಯ ಆಚೆ ಬೆಳೆದದ್ದು ಅನ್ನೋದು ಈಗ ಯಾರಿಗೂ ನೆನಪಿಲ್ಲ. 1947ರ ಜುಲೈ 26ರವರೆಗೆ ಇದು ಮೈಸೂರಿನ ನೆಲದ ಮೇಲಿದ್ದೂ ಮೈಸೂರಿನ ಆಡಳಿತಕ್ಕೆ ಸೇರಿರಲಿಲ್ಲ. ಹಲಸೂರು, ಶಿವಾಜಿನಗರ, ಈ ಕಮರ್ಷಿಯಲ್ ಸ್ಟ್ರೀಟು ಎಲ್ಲ ಸೇರಿ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ನಮ್ಮ ಜನರ ಬಾಯಲ್ಲಿ ‘ದಂಡು’. ಇಲ್ಲಿ ಬ್ರಿಟಿಷ್ ರೆಸಿಡೆಂಟನ ಕಾನೂನು. ಪಶ್ಚಿಮಕ್ಕೆ ಒಂದು ತಾಸು ನಡೆದರೆ ಚಿಕ್ಕಪೇಟೆ, ಅಲ್ಲಿ ಮಹಾರಾಜರ ಕಾನೂನು. 1862ರಿಂದಲೇ ಎರಡಕ್ಕೂ ಬೇರೆ ಬೇರೆ ಪುರಸಭೆ. ಅವೆರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ.

ಇದನ್ನು ಈಗ ಯಾಕೆ ಎತ್ತಬೇಕು? ಪತ್ರಿಕೆಗಳಲ್ಲಿ ವಾರಕ್ಕೊಂದು ‘ಮುಕ್ತ ವ್ಯಾಪಾರ ಒಪ್ಪಂದ’ದ ಸುದ್ದಿ ಬರುತ್ತದೆ. 2025ರ ಜುಲೈ 24ರಂದು ಬ್ರಿಟನ್ನಿನ ಜೊತೆ ಸಹಿ ಆಯ್ತು. ಅದರ ಪಕ್ಕದಲ್ಲೇ ‘ಒಂದು ದೇಶ, ಒಂದು ಮಾರುಕಟ್ಟೆ’ ಅನ್ನೋ ಘೋಷಣೆ. ಓದಿದವರೂ ಎರಡನ್ನೂ ಒಂದೇ ಅಂತ ತಿಳಿದು ಮಾತಾಡುತ್ತಾರೆ. ಎರಡರ ನಡುವಿನ ಅಂತರ ದಂಡು ಮತ್ತು ಪೇಟೆಯ ನಡುವಿನ ಅಂತರಕ್ಕಿಂತ ದೊಡ್ಡದು. ಆ ಅಂತರ ಗೊತ್ತಿಲ್ಲದಿದ್ದರೆ, ನಮ್ಮ ಕೇರಿಯ ಕೂಲಿಯವನಿಗೆ ಯಾವುದರಲ್ಲಿ ಏನು ಸಿಕ್ಕಿತು, ಏನು ಹೋಯಿತು ಅಂತ ಲೆಕ್ಕ ಹಾಕಲಿಕ್ಕೂ ಆಗುವುದಿಲ್ಲ.

ಮೊದಲು ಸರಳವಾಗಿ ಹೇಳಿಬಿಡುತ್ತೇನೆ. ಎರಡು ಊರಿನ ನಡುವೆ ಬೇಲಿ ಇದೆ ಅನ್ನಿ. ಬೇಲಿಗೊಂದು ಗೇಟು, ಗೇಟಿನಲ್ಲಿ ಸುಂಕದವನು. ಎರಡೂ ಊರಿನ ಯಜಮಾನರು ಕೂತು, ‘ನಿಮ್ಮ ಬುಟ್ಟಿಗೆ ನಾವು ಸುಂಕ ಹಾಕೋಲ್ಲ, ನಮ್ಮ ಬುಟ್ಟಿಗೆ ನೀವು ಹಾಕಬೇಡಿ’ ಅಂತ ಮಾತಾಡಿಕೊಂಡರೆ ಅದು ಮುಕ್ತ ವ್ಯಾಪಾರ ಒಪ್ಪಂದ. ಬೇಲಿ ಹಾಗೇ ಇರುತ್ತದೆ. ಸುಂಕದವನೂ ಇರುತ್ತಾನೆ. ದುಡ್ಡು ಕೇಳುವ ಬದಲು ಅವನು, ‘ಈ ಬುಟ್ಟಿ ನಿಜಕ್ಕೂ ನಿಮ್ಮೂರಿನದೇನಾ, ಮೂರನೇ ಊರಿಂದ ತಂದದ್ದಾ, ಕಾಗದ ತೋರಿಸು’ ಅಂತ ಕೇಳುತ್ತಾನೆ. ಬುಟ್ಟಿ ಹೊತ್ತು ತಂದವನು ಈ ಊರಲ್ಲಿ ಮನೆ ಮಾಡುವ ಹಾಗಿಲ್ಲ, ಕೂಲಿ ಹುಡುಕುವ ಹಾಗಿಲ್ಲ. ಇಳಿಸಿ ಹೋಗಬೇಕು.

ಒಂದೇ ಮಾರುಕಟ್ಟೆ ಅಂದರೆ ಇದರ ಮುಂದಿನ ಮಾತು. ತೂಕದ ಕಲ್ಲು ಒಂದೇ, ಸರಕು ಹೇಗಿರಬೇಕು ಅನ್ನುವ ಕಟ್ಟಳೆ ಒಂದೇ, ಜಗಳವಾದರೆ ತೀರ್ಮಾನಿಸುವ ಪಂಚಾಯಿತಿ ಒಂದೇ. ಬುಟ್ಟಿಯ ಜೊತೆಗೆ ದುಡ್ಡೂ ಓಡಾಡಬಹುದು, ಕಸುಬೂ ಓಡಾಡಬಹುದು, ಬುಟ್ಟಿ ಹೊತ್ತವನೂ ಬಂದು ಇರಬಹುದು. ಆದರೆ ಇದಕ್ಕೆ ಬೆಲೆ ಕೊಡಬೇಕಾಗುತ್ತದೆ. ನಿಮ್ಮೂರಿಗೆ ಬೇಕಾದ ಹಾಗೆ ಕಟ್ಟಳೆ ಮಾಡುವ ಅಧಿಕಾರವನ್ನು ಆ ದೊಡ್ಡ ಪಂಚಾಯಿತಿಗೆ ಒಪ್ಪಿಸಬೇಕು. ಹಾಗಾದರೆ ಆ ಪಂಚಾಯಿತಿಯಲ್ಲಿ ನಿಮಗೆ ಚಾಪೆ ಇದೆಯೋ ಇಲ್ಲವೋ? ಇಡೀ ವಿಷಯದ ಗಂಟು ಇಲ್ಲಿದೆ. ಮೈಸೂರಿನ ಚರಿತ್ರೆ ಈ ಗಂಟನ್ನು ಚೆನ್ನಾಗಿ ತೋರಿಸುತ್ತದೆ.

ಹಿಂದೆ ಬೇಲಿ ಊರೂರಿಗೂ ಇತ್ತು. ಮಾಗಡಿ ರಸ್ತೆಯಲ್ಲಿ ಈಗ ಬಸ್ಸಿನ ಬೋರ್ಡಿನ ಮೇಲೆ ಓದುವ ‘ಸುಂಕದಕಟ್ಟೆ’ಯ ಹೆಸರಲ್ಲೇ ಅದು ಉಳಿದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಮಾತು ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು ಅಂತ ರೈಸ್ ಸಾಹೇಬನ ಗೆಜೆಟಿಯರಿನಲ್ಲಿದೆ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಅಜ್ಜ ಮುತ್ತಜ್ಜಂದಿರು ದೊರೆಯ ಕಳೆದುಹೋದ ಕುದುರೆ ಹುಡುಕಿಕೊಡಲಿಲ್ಲ ಅಂತ ಒಂದು ಊರಿನವರು ತೆರಿಗೆ ಕೊಡುತ್ತಿದ್ದರಂತೆ! ನಮ್ಮ ರಾಜಮಹಾರಾಜರ ವೈಭವದ ಪಾಠ ಮಾಡುವ ಮೇಷ್ಟ್ರುಗಳು ಈ ಪಟ್ಟಿಯನ್ನೂ ಮಕ್ಕಳಿಗೆ ಓದಿ ಹೇಳಬೇಕು.

ಕಬ್ಬನ್ ಜನಪ್ರೀತಿಯಿಂದಲೇ ಇದನ್ನೆಲ್ಲ ಮಾಡಿದ ಅಂತ ನಂಬಬೇಕಾಗಿಲ್ಲ. ಮದರಾಸಿನ ಬಂದರಿನಲ್ಲಿ ಇಳಿದ ಬಟ್ಟೆ ಮೈಸೂರಿನ ಹಳ್ಳಿಯವರೆಗೆ ಬರಬೇಕಾದರೆ ದಾರಿಯಲ್ಲಿ ಕಟ್ಟೆ ಇರಬಾರದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಪೇಟೆಯ ಕಡೆಯ ಸ್ಟೇಷನ್ ಆಮೇಲೆ ಬಂತು. ಮೊದಲು ದಂಡು, ಆಮೇಲೆ ಊರು.

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು. ಪಠ್ಯಪುಸ್ತಕದಲ್ಲಿ ಇದನ್ನು ಹಬ್ಬದ ಹಾಗೆ ಬರೆದಿರುತ್ತಾರೆ. ಜೊತೆಗೆ ಕೊಟ್ಟ ಹಸ್ತಾಂತರ ಪತ್ರವನ್ನು ಓದಿ. ಮೈಸೂರು ತನ್ನದೇ ನಾಣ್ಯ ಹೊಡೆಸುವ ಹಾಗಿಲ್ಲ, ಸರ್ಕಾರದ ರೂಪಾಯಿಯೇ ಚಲಾವಣೆ. ರೈಲ್ವೆ ನೆಲದ ಮೇಲೆ ಅಧಿಕಾರ ಬ್ರಿಟಿಷರದ್ದು. ಗವರ್ನರ್ ಜನರಲ್ ಬೇಡ ಅಂದರೆ ಉಪ್ಪು, ಅಫೀಮು ತಯಾರಿಸುವ ಹಾಗಿಲ್ಲ. ಚೌಳು ಮಣ್ಣಿನಿಂದ ಉಪ್ಪು ತೆಗೆದು ಬದುಕುತ್ತಿದ್ದ ಉಪ್ಪಾರರ ಕಸುಬು ಹೀಗೆ ಒಂದು ಕಾಗದದ ನೆರಳಿಗೆ ಬಂತು. ವರ್ಷದ ಕಪ್ಪ 24.5 ಲಕ್ಷದಿಂದ 35 ಲಕ್ಷಕ್ಕೆ ಏರಿತು. ದಂಡಿನ ನೆಲವನ್ನು ಮಾತ್ರ ಬಿಟ್ಟುಕೊಡಲಿಲ್ಲ. 1889ರಲ್ಲಿ ಮೈಸೂರಿನ ಅಂಚೆಯೂ ಇಂಪೀರಿಯಲ್ ಪೋಸ್ಟಿನೊಳಗೆ ಕರಗಿತು. ಅಂಚೆ ಅನ್ನುವ ಮಾತು ಮಾತ್ರ ನಮಗೆ ಉಳಿಯಿತು.

ಈಗ ನೋಡಿ. ಒಂದೇ ರೂಪಾಯಿ, ಒಂದೇ ರೈಲು, ಒಂದೇ ಟಪಾಲು, ಹೊರದೇಶದ ಸರಕಿಗೆ ಒಂದೇ ಸುಂಕ. ಇದು ಎರಡು ಸ್ವತಂತ್ರ ರಾಜ್ಯಗಳು ಮಾಡಿಕೊಂಡ ವ್ಯಾಪಾರ ಒಪ್ಪಂದವಾ? ಖಂಡಿತ ಅಲ್ಲ. ಮೈಸೂರು ಬ್ರಿಟಿಷ್ ಇಂಡಿಯಾದ ಮಾರುಕಟ್ಟೆಯ ಒಳಗೇ ಇತ್ತು. ಆದರೆ ಕಟ್ಟಳೆ ಮಾಡುವ ಕಡೆ ಅದಕ್ಕೆ ಚಾಪೆ ಇರಲಿಲ್ಲ. ಮೈಸೂರಿಗೆ ಸಮುದ್ರವಿಲ್ಲ. ದಂಡಿನ ಅಂಗಡಿಯಲ್ಲಾಗಲಿ ಪೇಟೆಯಲ್ಲಾಗಲಿ ಒಬ್ಬ ರೈತ ಹೊರದೇಶದ ಬಟ್ಟೆಯನ್ನೋ ಸೀಮೆಎಣ್ಣೆಯನ್ನೋ ಕೊಂಡರೆ, ಅದರ ಬೆಲೆಯೊಳಗೆ ಬಂದರಿನ ಸುಂಕ ಸೇರಿರುತ್ತಿತ್ತು. ಆ ದುಡ್ಡು ಬ್ರಿಟಿಷ್ ಇಂಡಿಯಾದ ಖಜಾನೆಗೆ. ಮೈಸೂರಿಗೆ ಪಾಲಿಲ್ಲ. ಸಂಸ್ಥಾನಗಳು ಇದನ್ನು ಹಿಡಿದು 1927ರಲ್ಲಿ ನೇಮಕವಾದ ಬಟ್ಲರ್ ಸಮಿತಿಯ ಮುಂದೆ ವಾದ ಹೂಡಿದವು. 1929ರ ವರದಿ ಅದರಲ್ಲಿ ನ್ಯಾಯವಿದೆ ಅಂತ ಒಪ್ಪಿತು. ಕೈಗೆ ಬಂದದ್ದು ಕಡಿಮೆ.

ಇದು ನೋವು ಕೊಟ್ಟದ್ದು ರೇಷ್ಮೆಯಲ್ಲಿ. ದೇಶದ ಹಿಪ್ಪುನೇರಳೆ ರೇಷ್ಮೆಯ ದೊಡ್ಡ ಪಾಲು ಮೈಸೂರಿನದು. 1930ರ ಸುಮಾರಿಗೆ ಚೀನಾ, ಜಪಾನಿನ ಅಗ್ಗದ ರೇಷ್ಮೆ ಬಂದು ಸುರಿಯಿತು. ಹುಳ ಸಾಕಿದವನು ಕೆಟ್ಟ. ಮೈಸೂರು ಸ್ವತಂತ್ರವಾಗಿ ಸುಂಕ ಹಾಕುವ ಸರ್ಕಾರವಾಗಿದ್ದರೆ ಮರುದಿನವೇ ಹಾಕಬಹುದಿತ್ತು. ಹಾಕುವ ಹಾಗಿರಲಿಲ್ಲ. ಟ್ಯಾರಿಫ್ ಬೋರ್ಡಿನ ಮುಂದೆ ಹೋಗಿ ಅರ್ಜಿ ಹಾಕಿ, ಸಾಕ್ಷಿ ಹೇಳಿ, ಕಾಯಬೇಕಾಯಿತು. ಬೋರ್ಡು 1933ರಲ್ಲಿ ವರದಿ ಕೊಟ್ಟಿತು, 1934ರಲ್ಲಿ ರಕ್ಷಣೆಯ ಸುಂಕ ಬಂತು. ಅಷ್ಟರೊಳಗೆ ಎಷ್ಟು ಹಿಪ್ಪುನೇರಳೆ ಗಿಡ ಕಿತ್ತು ರಾಗಿ ಚೆಲ್ಲಿದರೋ!

ಮಹಾರಾಜರಿಗೆ ದೆಹಲಿಯಲ್ಲಿ ಚಾಪೆ ಇರಲಿಲ್ಲ ಅಂತ ನಾವು ಮರುಗುವಾಗ ಇನ್ನೊಂದು ಮಾತೂ ಕೇಳಬೇಕು. ಮಹಾರಾಜರ ಸಭೆಯಲ್ಲಿ ಯಾರಿಗೆ ಚಾಪೆ ಇತ್ತು? ಅದೇ 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಗೆ ಮೊದಲು ಬಂದವರು ಜಮೀನುದಾರರು, ವ್ಯಾಪಾರಿಗಳು. ಹೊಲಗೇರಿಯಿಂದ, ಮಾದಿಗರ ಹಟ್ಟಿಯಿಂದ ಯಾರು ಹೋಗಿ ಕೂತರು? ಮೈಸೂರಿಗಾದ ಅನ್ಯಾಯವನ್ನು ಮೈಸೂರು ತನ್ನ ಕೆಳಗಿನವರಿಗೆ ದಿನವೂ ಮಾಡುತ್ತಿತ್ತು.

ದಂಡಿನ ಕಥೆ ಇಲ್ಲಿ ಬೇರೆ ಥರ ತೆರೆದುಕೊಳ್ಳುತ್ತದೆ. 1809ರಲ್ಲಿ ಹಲಸೂರಿನ ಸುತ್ತ ದಂಡು ಬೀಡುಬಿಟ್ಟ ಮೇಲೆ ಅದರ ಬೆನ್ನಿಗೆ ಜನ ಬಂದರು. ವ್ಯಾಪಾರಕ್ಕೆ ಮೊದಲಿಯಾರರು, ಮುಸ್ಲಿಮರು, ಕಚ್ಛೀ ಮೇಮನರು ಬಂದರು. ಅವರ ಹೆಸರು ಬೀದಿಗಳ ಮೇಲೆ, ಛತ್ರಗಳ ಮೇಲೆ ಉಳಿದಿದೆ. ಉತ್ತರ ಆರ್ಕಾಟಿನ ಕಡೆಯಿಂದ ತಮಿಳು ದಲಿತರು ಬಂದರು. ಕುದುರೆ ತೊಳೆದರು, ಅಡಿಗೆ ಮಾಡಿದರು, ತೊಗಲು ಹದ ಮಾಡಿದರು, ಬೀದಿ ಗುಡಿಸಿದರು, ಮದ್ರಾಸ್ ಸ್ಯಾಪರ್ಸಿನಲ್ಲಿ ಸಿಪಾಯಿಗಳಾದರು. ಅದೇ ಕಡೆಯ ಜನ ಮುಂದೆ ಕೋಲಾರದ ಚಿನ್ನದ ಗಣಿಗೂ ಇಳಿದರು. ಅವರ ಹೆಸರಿನ ಬೀದಿ ಕಮರ್ಷಿಯಲ್ ಸ್ಟ್ರೀಟಿನ ಸುತ್ತ ಹುಡುಕಿದರೂ ಸಿಗುವುದು ಕಷ್ಟ. ಬಿಳಿಯರ ಬಂಗಲೆಗೂ ಇವರ ಗುಡಿಸಲಿಗೂ ನಡುವೆ ಮೈದಾನದಷ್ಟು ದೂರ ಇಟ್ಟಿದ್ದರು, ಅದೂ ಒಂದು ಜಾತಿಯೇ. ಆದರೂ ಊರಲ್ಲಿ ಒಡೆಯನ ಹೊಲದಲ್ಲಿ ಜೀತ ಮಾಡುತ್ತಿದ್ದವನಿಗೆ ದಂಡಿನಲ್ಲಿ ತಿಂಗಳಿಗೆ ಇಷ್ಟು ಅಂತ ಸಂಬಳ ಕೈಗೆ ಬಂತು. ಬೇಡ ಅಂದರೆ ಬಿಟ್ಟು ಹೋಗಬಹುದಿತ್ತು. ಮಾರುಕಟ್ಟೆ ಅಂದರೆ ಶೋಷಣೆ ಅಂತ ಒಂದೇ ಉಸಿರಿಗೆ ಹೇಳುವ ನಮ್ಮ ಗೆಳೆಯರು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಮಾರುಕಟ್ಟೆಯೊಳಗೆ ಕಾಲಿಡಲಿಕ್ಕೇ ಬಿಡದ ವ್ಯವಸ್ಥೆಯ ಒಳಗಿಂದ ಬಂದವರು ನಾವು.

ಯುರೋಪಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಹೋಲಿಕೆಗೆ ಬೇಕು. ಅಲ್ಲಿ 1993ರ ಜನವರಿ 1ರಿಂದ ಒಂದೇ ಮಾರುಕಟ್ಟೆ. ಸರಕು, ಸೇವೆ, ಬಂಡವಾಳ, ಮನುಷ್ಯ ನಾಲ್ಕೂ ಓಡಾಡಬಹುದು. ಕಟ್ಟಳೆ ಮಾಡಲು ಸಭೆ ಇದೆ, ತೀರ್ಮಾನಿಸಲು ಲಕ್ಸೆಂಬರ್ಗಿನಲ್ಲಿ ಕೋರ್ಟು ಇದೆ. ನಾರ್ವೆ ಆ ಒಕ್ಕೂಟದ ಸದಸ್ಯ ಅಲ್ಲ, ಆದರೂ 1994ರಿಂದ ಅದರ ಮಾರುಕಟ್ಟೆಯೊಳಗಿದೆ. ದುಡ್ಡು ಕೊಡುತ್ತದೆ, ಕಟ್ಟಳೆ ಪಾಲಿಸುತ್ತದೆ, ಕಟ್ಟಳೆ ಮಾಡುವಾಗ ಅದಕ್ಕೆ ಓಟಿಲ್ಲ. ನಮ್ಮ 1881ರ ಮೈಸೂರು ನೆನಪಾಗುತ್ತದೆ ಅಲ್ಲವಾ? ಒಂದು ದೊಡ್ಡ ವ್ಯತ್ಯಾಸ ಇದೆ. ನಾರ್ವೆ ತಾನೇ ಒಪ್ಪಿ ಒಳಗೆ ಹೋದದ್ದು, ಬೇಡ ಅಂದರೆ ಹೊರಗೆ ಬರಬಹುದು. ಹೊರದೇಶದ ಸರಕಿಗೆ ತನ್ನದೇ ಸುಂಕ ಹಾಕಬಹುದು, ತನ್ನ ಬೇಸಾಯವನ್ನು ಬಹಳಮಟ್ಟಿಗೆ ಹೊರಗಿಟ್ಟುಕೊಂಡಿದೆ. ಮೈಸೂರಿಗೆ ಇದ್ಯಾವುದೂ ಇರಲಿಲ್ಲ. ಇನ್ನು ಬ್ರಿಟನ್ನು 2016ರಲ್ಲಿ ಓಟು ಹಾಕಿ, 2020ರ ಕೊನೆಗೆ ಆ ಮಾರುಕಟ್ಟೆಯಿಂದ ಹೊರಬಂತು. ಸುಂಕವಿಲ್ಲದ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ಸುಂಕ ಇಲ್ಲ, ನಿಜ. ಆದರೆ ಗೇಟಿನಲ್ಲಿ ಲಾರಿಗಳ ಕಾಗದ ಬೆಳೆಯಿತು, ಪೋಲೆಂಡಿನ ಕೂಲಿಯವನು ಮೊದಲಿನ ಹಾಗೆ ಸುಮ್ಮನೆ ಬಂದು ಇರುವ ಹಾಗಿಲ್ಲ. ಬೇಲಿ ಬೇಕು ಅಂದದ್ದು ಹೆಚ್ಚಾಗಿ ಅವನಿಗಾಗಿಯೇ. ಎಲ್ಲ ದೇಶದಲ್ಲೂ ಬುಟ್ಟಿ ಬೇಕು, ಬುಟ್ಟಿ ಹೊತ್ತವನು ಬೇಡ.

ನಮ್ಮ ಕಡೆಗೆ ಬರೋಣ. ಭಾರತ ಶ್ರೀಲಂಕಾದ ಜೊತೆ 1998ರ ಡಿಸೆಂಬರಿನಲ್ಲಿ ಸಹಿ ಹಾಕಿದ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಸ್ವಲ್ಪ ದಿನಕ್ಕೆ ಅಲ್ಲಿಂದ ವನಸ್ಪತಿ ಬರಲು ಶುರುವಾಯಿತು. ಶ್ರೀಲಂಕಾ ಆ ಪಾಟಿ ತಾಳೆಎಣ್ಣೆ ಬೆಳೆಯುವ ದೇಶವೇ ಅಲ್ಲ. ಬೇರೆ ಕಡೆಯಿಂದ ಎಣ್ಣೆ ತರಿಸಿ, ಅಲ್ಲಿ ವನಸ್ಪತಿ ಮಾಡಿ, ಸುಂಕವಿಲ್ಲದೆ ಇಲ್ಲಿಗೆ ದಾಟಿಸಿದರು. ಆಮೇಲೆ ಮೆಣಸು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರು, ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹೆಸರಲ್ಲಿ ಬರುತ್ತಿದೆ ಅಂತ ಕೂಗಿದರು. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ತರಿಸುವ ಹಾಗಿಲ್ಲ ಅಂತ ಹೇಳಬೇಕಾಯಿತು. ಹುಟ್ಟೂರಿನ ಕಾಗದ ಯಾಕೆ ಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಇಬ್ಬರೂ ಮೂರನೆಯವನಿಗೆ ಬೇರೆ ಬೇರೆ ಸುಂಕ ಹಾಕುತ್ತಿರುವಾಗ, ಮೂರನೆಯವನು ಕಡಿಮೆ ಸುಂಕದ ಬಾಗಿಲಿಂದ ನುಗ್ಗಿ ಇನ್ನೊಂದು ಬಾಗಿಲಿಂದ ಹೊರಡುತ್ತಾನೆ. ಹೊರಗೋಡೆ ಒಂದೇ ಆಗಿದ್ದರೆ ಈ ಆಟ ನಡೆಯುವುದಿಲ್ಲ.

ಬೆಳೆಗಾರರ ಕೂಗು ಸರಿಯಾದದ್ದೇ. ಆದರೆ ಮೆಣಸಿನ ಬೆಲೆ ಏರಿದ ವರ್ಷ ತೋಟದ ಲೈನ್ ಮನೆಯಲ್ಲಿರುವ ಯರವರ, ದಲಿತರ ಕೂಲಿ ಅದೇ ಲೆಕ್ಕದಲ್ಲಿ ಏರಿತಾ? ಬೆಲೆ ಇಳಿದಾಗ ಮಾತ್ರ ‘ನಾವೆಲ್ಲ ಮುಳುಗಿದೆವು’ ಅನ್ನುವ ಬಹುವಚನ ಬರುತ್ತದೆ. ರೈತ ಸಂಘಕ್ಕೂ ಈ ಮಾತು ಹೇಳಬೇಕು. ಡಂಕೆಲ್ ಪ್ರಸ್ತಾವದ ಕಾಲದಲ್ಲಿ, ನಮ್ಮ ಎಡಪಂಥೀಯ ಪಂಡಿತರು ಇನ್ನೂ ಅಡಿಟಿಪ್ಪಣಿ ಬರೆಯುತ್ತಿದ್ದಾಗ, ಪ್ರೊ. ನಂಜುಂಡಸ್ವಾಮಿ ಹಳ್ಳಿಯ ಕಟ್ಟೆಯ ಮೇಲೆ ಕೂತು ಅದನ್ನು ಜನಕ್ಕೆ ಬಿಡಿಸಿ ಹೇಳಿದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ರೈತರು ನುಗ್ಗಿದ್ದು ಇಡೀ ಲೋಕಕ್ಕೆ ಸುದ್ದಿಯಾಯಿತು. 2019ರ ನವೆಂಬರ್ 4ರಂದು ಭಾರತ ಬ್ಯಾಂಕಾಕಿನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಹಿಂದೆ ಸರಿದದ್ದರ ಹಿಂದೆ, ಹಾಲು ಹಾಕುವ ರೈತರ ಕೂಗೂ ಇತ್ತು. ಇದೆಲ್ಲ ದೊಡ್ಡ ಕೆಲಸ. ಆದರೆ ಗೇಟಿನ ಕಾವಲು ಕಾಯುವಾಗ ಅಂಗಳದೊಳಗೆ ಯಾರು ಯಾರ ಕೈಯಲ್ಲಿ ದುಡಿಸಿಕೊಳ್ಳುತ್ತಿದ್ದಾರೆ ಅನ್ನುವ ಪ್ರಶ್ನೆಯನ್ನು ಅವರು ದಲಿತ ಸಂಘರ್ಷ ಸಮಿತಿಗೆ ಬಿಟ್ಟುಕೊಟ್ಟರು.

ಕಮರ್ಷಿಯಲ್ ಸ್ಟ್ರೀಟಿನಂಥ ಬೀದಿಯಲ್ಲಿ ತೂಗುಹಾಕಿರುವ ಅಂಗಿಗೂ ಇದೇ ಕಥೆ. 2011ರಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪಿಗೆ ಭಾರತ ಸುಂಕ ತೆಗೆಯಿತು. ಢಾಕಾದ ಅಂಗಿ ಬೆಂಗಳೂರಿಗೆ ಬರಬಹುದು. ಅದನ್ನು ಹೊಲಿದ ಹೆಣ್ಣುಮಗಳು ಬರುವ ಹಾಗಿಲ್ಲ, ಬಂದರೆ ನುಸುಳುಕೋರಳು. ಆಕೆಯ ಕಾರ್ಖಾನೆಗೆ ಅಲ್ಲಿಯ ಕಾನೂನು, ಪೀಣ್ಯ, ಮೈಸೂರು ರಸ್ತೆಯ ಕಾರ್ಖಾನೆಗೆ ಇಲ್ಲಿಯ ಕಾನೂನು. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ವ್ಯಾಪಾರ ಒಪ್ಪಂದದಲ್ಲಿ ಸರಕಿನ ಹುಟ್ಟೂರು ಕೇಳುತ್ತಾರೆ, ಅದು ಹುಟ್ಟಿದ ಕಟ್ಟಡದ ಗೋಡೆ ಬಿರುಕು ಬಿಟ್ಟಿತ್ತೇ ಅಂತ ಕೇಳುವುದಿಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದು ಭವಿಷ್ಯ ನಿಧಿಯ ಹೊಸ ನಿಯಮವನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ಅವರು ಅದನ್ನು ಮಾಡಲು ಆದದ್ದು ನಿಯಮ ಮಾಡಿದ ಸರ್ಕಾರ ಅವರ ಓಟಿನ ಕೈಗೆ ಸಿಗುವಷ್ಟು ದೂರದಲ್ಲಿತ್ತು ಅಂತ. ಢಾಕಾದ ಬೆಲೆಯ ಮೇಲೆ ಅವರ ಓಟು ಓಡುವುದಿಲ್ಲ.

ಸ್ವತಂತ್ರ ಭಾರತವೇ ಒಂದು ಒಂದೇ ಮಾರುಕಟ್ಟೆ. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ, ವಾಣಿಜ್ಯ, ಓಡಾಟ ಮುಕ್ತ ಅನ್ನುತ್ತದೆ. 19ನೇ ವಿಧಿ ಎಲ್ಲಿ ಬೇಕಾದರೂ ಹೋಗುವ, ನೆಲೆಸುವ, ಕಸುಬು ಮಾಡುವ ಹಕ್ಕು ಕೊಡುತ್ತದೆ. ಕಾನೂನಿಗೆ ಪಾರ್ಲಿಮೆಂಟು, ತೀರ್ಮಾನಕ್ಕೆ ಸುಪ್ರೀಂ ಕೋರ್ಟು. ಯುರೋಪಿಗಿಂತ 43 ವರ್ಷ ಮೊದಲೇ ನಮ್ಮ ಕಾಗದದ ಮೇಲೆ ಇದೆಲ್ಲ ಇತ್ತು. ಆದರೆ ಅಂಬೇಡ್ಕರ್ ಅವರ ಕೈದಾಟಿದ ಈ ಸಂವಿಧಾನದಲ್ಲಿ, ಯುರೋಪಿನ ಆ ಮಾರುಕಟ್ಟೆಯವರಿಗೆ ಹೊಳೆಯದ ಇನ್ನೊಂದು ವಿಧಿ ಇದೆ. 15ನೇ ವಿಧಿಯ ಎರಡನೇ ಭಾಗ: ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ‘ಅಂಗಡಿ’ ಅಂದರೇನು ಅಂತ 1948ರಲ್ಲಿ ಸಂವಿಧಾನ ಸಭೆಯಲ್ಲಿ ಪ್ರಶ್ನೆ ಬಂತು. ಅಂಬೇಡ್ಕರ್ ಆ ಪದವನ್ನು ವಿಶಾಲ ಅರ್ಥದಲ್ಲಿ ಬಳಸಿದೆ, ದುಡ್ಡಿಗೆ ಸೇವೆ ಕೊಡುವ ಜಾಗವೆಲ್ಲ ಅದರಲ್ಲಿ ಸೇರುತ್ತದೆ ಅನ್ನುವ ವಿವರಣೆ ಕೊಟ್ಟರು. ಕ್ಷೌರದ ಅಂಗಡಿ, ಬಟ್ಟೆ ಒಗೆಯುವವರ ಕೆಲಸ ಎಲ್ಲ. ಸರಕು ಗಡಿ ದಾಟುವುದು ಸುಲಭ, ಮನುಷ್ಯ ಹೊಸ್ತಿಲು ದಾಟುವುದು ಕಷ್ಟ ಅಂತ ಅವರಿಗೆ ಗೊತ್ತಿತ್ತು.

ಕಟ್ಟೆಗಳು ಮಾತ್ರ ಬಹಳ ಕಾಲ ಉಳಿದವು. ಪುರಸಭೆಗಳ ಆಕ್ಟ್ರಾಯ್ ನಾಕಾ ಕರ್ನಾಟಕದಲ್ಲಿ 1979ರಲ್ಲಿ ಹೋಯಿತು, ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಅತ್ತಿಬೆಲೆಯಂಥ ಗಡಿಗಳ ತೆರಿಗೆ ಚೆಕ್‌ಪೋಸ್ಟ್ ಎದ್ದವು. ಲಾರಿ ಡ್ರೈವರುಗಳಿಗೆ ಅದು ಒಳ್ಳೆಯದೇ ಆಯಿತು. ಅದಕ್ಕಾಗಿ ರಾಜ್ಯಗಳು ತಮ್ಮ ತೆರಿಗೆ ಹಾಕುವ ಅಧಿಕಾರದ ದೊಡ್ಡ ಪಾಲನ್ನು ಜಿಎಸ್‌ಟಿ ಮಂಡಳಿಗೆ ಒಪ್ಪಿಸಿದವು. ಅಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಕೇಂದ್ರದ ಕೈಯಲ್ಲೇ ಮೂರರಲ್ಲಿ ಒಂದು ಪಾಲು. ಅಂದರೆ ಕೇಂದ್ರ ಬೇಡ ಅಂದದ್ದು ನಡೆಯುವುದಿಲ್ಲ. ಮೈಸೂರಿಗೆ ಇಲ್ಲದ ಚಾಪೆ ಕರ್ನಾಟಕಕ್ಕೆ ಇದೆ, ನಿಜ. ಚಾಪೆಯ ಅಗಲವನ್ನೂ ಅಳೆಯಬೇಕಲ್ಲ. 2022ರ ಜುಲೈ 18ರಿಂದ ಪ್ಯಾಕೆಟ್ಟಿನ ಮೊಸರಿಗೆ, ಅಕ್ಕಿಗೆ, ಹಿಟ್ಟಿಗೆ ಶೇ. 5 ತೆರಿಗೆ ಬಿದ್ದಾಗ, ಕೇರಿಯ ಗೂಡಂಗಡಿಯಲ್ಲಿ ಪ್ಯಾಕೆಟ್ಟು ಕೊಳ್ಳುವವಳನ್ನು ಯಾರೂ ಕೇಳಲಿಲ್ಲ. ರೇಷ್ಮೆಗೂ ಹಾಗೇ: 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು, ಗೂಡಿನ ಬೆಲೆ ಬಿತ್ತು, ರಾಮನಗರದ ಕಡೆ ರೈತರು ಬೀದಿಗೆ ಬಂದರು. 2013ರಲ್ಲಿ 15ಕ್ಕೆ ಏರಿಸಿದರು. 1934ರಲ್ಲಿ ಅರ್ಜಿ, ಈಗ ಚಳವಳಿ, ಅಷ್ಟು ಮುಂದುವರಿದಿದ್ದೇವೆ. ಆ ರೇಷ್ಮೆ ಬಿಚ್ಚುವ ಬಿಸಿನೀರಿನಲ್ಲಿ ಕೈ ಅದ್ದುತ್ತಿದ್ದ ಜೀತದ ಮಕ್ಕಳಲ್ಲಿ ಬಹಳ ಜನ ದಲಿತರು, ಮುಸ್ಲಿಮರು ಅಂತ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬರೆಯಿತು. ಜೀತ ರದ್ದಾದದ್ದು 1976ರಲ್ಲಿ. ಸುಂಕದ ಚಳವಳಿಯ ಯಾವ ಬೇಡಿಕೆಯ ಪಟ್ಟಿಯಲ್ಲಿ ಆ ಮಕ್ಕಳ ಕೈ ಇತ್ತು?

ಮನುಷ್ಯನ ಓಡಾಟದ ಹಕ್ಕು ಎಷ್ಟು ಗಟ್ಟಿ ಅಂತ 2020ರಲ್ಲಿ ಗೊತ್ತಾಯಿತು. ಲಾಕ್‌ಡೌನಿನಲ್ಲಿ ಸರಕಿನ ಲಾರಿಗೆ ಪಾಸು ಸಿಕ್ಕಿತು. ಬಿಹಾರ, ಒಡಿಶಾ, ಉತ್ತರ ಪ್ರದೇಶದ ಕೂಲಿಗಳು ಬೆಂಗಳೂರಿನ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ ಕೂಲಿ ಇಲ್ಲದೆ ಊರಿಗೆ ಹೋಗಲು ಕಾಯುತ್ತಿದ್ದರು. ಮೇ 5ರಂದು ರಾಜ್ಯ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಮಾತಾಡಿದ ಮೇಲೆ, ಅವರನ್ನು ಕರೆದೊಯ್ಯಬೇಕಿದ್ದ ರೈಲುಗಳು ಬೇಡ ಅಂತ ರೈಲ್ವೆಗೆ ಬರೆಯಿತು. ಕೂಲಿಗಳು ಹೋದರೆ ಕೆಲಸ ನಿಲ್ಲುತ್ತದಂತೆ. ದೇಶವೆಲ್ಲ ಉಗಿದ ಮೇಲೆ ರೈಲು ಮತ್ತೆ ಬಿಟ್ಟರು. ಆ ನಡುವೆ ಎಷ್ಟೋ ಜನ ಗಂಟು ಹೊತ್ತು ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆದೇ ಹೊರಟಿದ್ದರು, ತೆರಿಗೆ ಚೆಕ್‌ಪೋಸ್ಟ್ ಎತ್ತಿದ್ದ ಗಡಿಗಳಲ್ಲಿ ಅವರನ್ನು ಪೊಲೀಸರು ನಿಲ್ಲಿಸಿ ಕಾಗದ ಕೇಳಿದರು.